ಎಷ್ಟು ಸೀಟಿನ ಕಾರು?

ನ್ಯೂಜಿಲೆಂಡಿಗೆ ಬಂದಿಳಿದ ನಮ್ಮ ಕಡೆಯ ಕುಟುಂಬಗಳಲ್ಲಿ ಬಾಡಿಗೆ ಮನೆ ಗೊತ್ತಾಗುತ್ತಿದ್ದಂತೆ ಕಾರಿನ ಮಾತು ಶುರುವಾಗುತ್ತದೆ. ಯಾವ ಕಂಪನಿ, ಯಾವ ಬಣ್ಣ ಎಂಬುದೆಲ್ಲ ಆಮೇಲೆ. ಮೊದಲು ಏಳುವ ಪ್ರಶ್ನೆ, ಐದು ಸೀಟೋ ಏಳು ಸೀಟೋ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಯಲ್ಲಿ ಏಳು ಸೀಟಿನ ಮಾತೇಕೆ ಎಂದು ಇಲ್ಲಿಯವರು ಕೇಳುತ್ತಾರೆ. ನಮಗೆ ಕೇಳಬೇಕೆನಿಸುವುದಿಲ್ಲ. ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಅತ್ತೆ ಮಾವ ಬರುತ್ತಾರೆ, ಭಾನುವಾರ ಗೆಳೆಯರ ಮಕ್ಕಳನ್ನೂ ಹತ್ತಿಸಿಕೊಳ್ಳಬೇಕಾಗುತ್ತದೆ. ಇನ್ನೂ ಬಾರದವರಿಗೆ ಮೊದಲೇ ಜಾಗ ಹಿಡಿದಿಡುವ ಕೆಲಸ ಅದು. 2023ರ ಚಳಿಗಾಲದಲ್ಲಿ ಆಕ್ಲೆಂಡಿನಲ್ಲಿ ನಾವು ಕಾರು ಹುಡುಕಿದ್ದು ಹೀಗೆಯೇ. ಆ ಹುಡುಕಾಟದಲ್ಲೇ ಈ ದೇಶದ ಮೊದಲ ಪರಿಚಯ ನಮಗಾಯಿತು.

ಆಕ್ಲೆಂಡ್ ಇರುವುದು ವೈಟೆಮಟಾ ಮತ್ತು ಮನುಕಾವ್ ಎಂಬ ಎರಡು ಬಂದರುಗಳ ನಡುವಿನ ಕಿರಿದಾದ ನೆಲದಲ್ಲಿ. ತಣ್ಣಗಾದ ಜ್ವಾಲಾಮುಖಿಗಳ ಗುಡ್ಡಗಳ ಸುತ್ತ ಒಂದಂತಸ್ತಿನ ಮನೆಗಳು ಉದ್ದಕ್ಕೂ ಹರಡಿಕೊಂಡಿವೆ. ಪೇಟೆಯ ನಡುವಿಗೆ ಹೋಗಿಬರಲು ಬಸ್ಸು, ರೈಲು ಇವೆ. ಒಂದು ಬಡಾವಣೆಯಿಂದ ಅಡ್ಡಕ್ಕೆ ಇನ್ನೊಂದು ಬಡಾವಣೆಗೆ, ಅದೂ ಮಳೆಯಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಹೋಗಬೇಕಾದಾಗ ಕಾರಿಲ್ಲದ ಮನೆ ಸೋತುಹೋಗುತ್ತದೆ. ಐವತ್ತು ಲಕ್ಷ ದಾಟಿದ ಜನಸಂಖ್ಯೆಗೆ ನಲವತ್ತು ಲಕ್ಷಕ್ಕೂ ಮೀರಿ ವಾಹನಗಳಿರುವ ದೇಶ ಇದು. ಅದು ಶ್ರೀಮಂತಿಕೆಯ ಗುರುತೆಂದು ದೂರದಿಂದ ಕಾಣಬಹುದು. ಬೇರೆ ದಾರಿ ಇಲ್ಲದಿರುವುದೇ ಮುಖ್ಯ ಕಾರಣ ಎಂದು ನಾನು ತಿಳಿದಿದ್ದೇನೆ.

ಪೇಟೆಯ ಕ್ವೇ ಸ್ಟ್ರೀಟಿನಲ್ಲಿ ಬಂದರಿನ ಉದ್ದಕ್ಕೂ ಕೆಂಪು ಬಣ್ಣದ ಹಳೆಯ ಕಬ್ಬಿಣದ ಬೇಲಿ ಇದೆ. ಅದರ ಕಂಬಿಗಳ ಸಂದಿಯಿಂದ ನೋಡಿದರೆ ಹಡಗಿನಿಂದ ಇಳಿದ ಕಾರುಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಎಷ್ಟೋ ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟ ಕಾರುಗಳು. ಜಪಾನಿನವರೂ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುವವರು, ಸ್ಟೀರಿಂಗ್ ಬಲಕ್ಕಿರುತ್ತದೆ. ಅಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಆಮೇಲೆ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಸರ್ಕಾರಿ ತಪಾಸಣೆ ಆಗಬೇಕು. ತೆರಿಗೆ, ವಿಮೆ ಎಲ್ಲ ಸೇರಿ ಅದರ ಖರ್ಚು ಜೋರು. ಹಾಗಾಗಿ ಬಹಳ ಜನ ಕಾರು ಗಟ್ಟಿಯಾಗಿರುವಾಗಲೇ ಹರಾಜಿಗೆ ಬಿಡುತ್ತಾರೆ. ಅವು ಹಡಗು ಹತ್ತಿ ದಕ್ಷಿಣಕ್ಕೆ ಬರುತ್ತವೆ.

ಇಲ್ಲಿ ಕಾರು ಜೋಡಿಸುತ್ತಿದ್ದ ಕಾರ್ಖಾನೆಗಳು ಒಂದು ಕಾಲಕ್ಕೆ ಹಲವಿದ್ದವು. ಪೊರಿರುವಾದಲ್ಲಿ ಮಿತ್ಸುಬಿಶಿ, ನೆಲ್ಸನ್ನಿನಲ್ಲಿ ಹೊಂಡಾ, ಥೇಮ್ಸಿನಲ್ಲಿ ಟೊಯೊಟಾ, ಆಕ್ಲೆಂಡಿನ ದಕ್ಷಿಣಕ್ಕೆ ವಿರಿಯಲ್ಲಿ ನಿಸಾನ್. ಎಂಬತ್ತರ ದಶಕದ ಕೊನೆಯಿಂದ ಆಮದಿನ ಬಾಗಿಲು ತೆರೆದು, 1998ರಲ್ಲಿ ಕಾರುಗಳ ಮೇಲಿನ ಸುಂಕ ಪೂರ್ತಿ ಹೋದಾಗ ಅದೇ ವರ್ಷ ಉಳಿದವೂ ಮುಚ್ಚಿದವು. ಸಾಮಾನ್ಯ ಸಂಬಳದವರಿಗೂ ಒಳ್ಳೆಯ ಕಾರು ಎಟುಕಿತು, ಸಾವಿರಾರು ಜನರ ಕೆಲಸವೂ ಹೋಯಿತು. ಇವೆರಡನ್ನೂ ಒಟ್ಟಿಗೆ ನೆನೆಯದೆ ಇಲ್ಲಿಯ ಅಗ್ಗದ ಕಾರನ್ನು ಹೊಗಳುವುದು ಸರಿಯಲ್ಲ.

ಹಡಗಿನಿಂದ ಕಾರು ಇಳಿಯಿತೆಂದ ಮಾತ್ರಕ್ಕೆ ರಸ್ತೆಗೆ ಬರುವಂತಿಲ್ಲ. 2018ರ ಫೆಬ್ರುವರಿಯಲ್ಲಿ ಜಪಾನಿನಿಂದ ಬಂದ ಕಾರಿನ ಹಡಗುಗಳಲ್ಲಿ ಕಂದು ಬಣ್ಣದ, ಗಬ್ಬು ವಾಸನೆ ಬಿಡುವ ಒಂದು ಜಾತಿಯ ಕೀಟ ಕಂಡಿತೆಂದು ಸರ್ಕಾರ ಆ ಹಡಗುಗಳನ್ನೇ ಹಿಂದಕ್ಕೆ ಕಳಿಸಿತ್ತು. ಸೇಬು, ಕಿವಿ ಹಣ್ಣು, ದ್ರಾಕ್ಷಿಯ ತೋಟಗಳನ್ನೇ ನಂಬಿದ ದೇಶ ಒಂದು ಹುಳುವಿಗೆ ಇಷ್ಟು ಹೆದರುವುದು ನನಗೆ ಅರ್ಥವಾಗುತ್ತದೆ. ನಮ್ಮ ತೆಂಗಿನ ತೋಟಗಳಿಗೆ ನುಸಿ ಬಿದ್ದ ವರ್ಷಗಳಲ್ಲಿ ಅರಸೀಕೆರೆ ಸೀಮೆಯ ಮನೆಗಳು ಏನಾದವು ಎಂದು ಕಂಡವನು ನಾನು. ಹುಳದ ಪರೀಕ್ಷೆ ಆದ ಮೇಲೆ ಚಾಸಿ, ಬ್ರೇಕು, ತುಕ್ಕು ಎಲ್ಲ ನೋಡಿ ಪ್ರವೇಶದ ಪ್ರಮಾಣಪತ್ರ ಕೊಡುತ್ತಾರೆ. ವಾಹನ ಜಾರುವಾಗ ತಾನೇ ಹತೋಟಿಗೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಲ್ಲದ ಹಳೆಯ ಕಾರುಗಳನ್ನು ತರುವುದಕ್ಕೂ 2020ರ ಮಾರ್ಚಿನಿಂದ ಅವಕಾಶವಿಲ್ಲ.

ಗ್ರೇಟ್ ಸೌತ್ ರೋಡಿನ ಇಕ್ಕೆಲದಲ್ಲಿ ಇಂಥ ಕಾರುಗಳನ್ನು ಮಾರುವ ಯಾರ್ಡುಗಳು ಮೈಲಿಗಟ್ಟಲೆ ಇವೆ. ವ್ಯಾಪಾರಿ ಮಾರುವ ಪ್ರತಿ ಹಳೆಯ ಕಾರಿನ ಗಾಜಿನ ಮೇಲೂ ಒಂದು ಮಾಹಿತಿ ಪತ್ರ ಅಂಟಿರಬೇಕೆಂಬುದು ಕಾನೂನು. ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಆಮದಾಗುವಾಗ ಪೆಟ್ಟು ಬಿದ್ದಿದೆಯೆಂದು ದಾಖಲಾಗಿತ್ತೇ, ಸಾಲ ಬಾಕಿ ಇದೆಯೇ ಎಲ್ಲ ಅದರಲ್ಲಿರುತ್ತದೆ. ನಾವು ಹೋದ ಮೊದಲ ಯಾರ್ಡಿನಲ್ಲಿ ಸಿಕ್ಕ ಮಾರಾಟಗಾರರು ಫಿಜಿಯಿಂದ ಬಂದವರು. ಅವರ ಮುತ್ತಜ್ಜ ಕಬ್ಬಿನ ಗದ್ದೆಗೆ ಗಿರ್ಮಿಟ್ ಎಂಬ ಕೂಲಿ ಕರಾರು ಬರೆದುಕೊಟ್ಟು ಹೋಗಿದ್ದರಂತೆ. ಫಿಜಿ ಹಿಂದಿಯಲ್ಲಿ ಅವರು, ಬೆಂಗಳೂರು ಹಿಂದಿಯಲ್ಲಿ ನಾನು ಮಾತಾಡಿಕೊಂಡೆವು. ಜಪಾನಿನ ಹರಾಜಿನ ಕಾಗದ ತೋರಿಸಿ ಓದುವುದು ಹೇಗೆಂದು ಅವರೇ ಕಲಿಸಿದರು. ಕಾರಿನ ನಕ್ಷೆಯ ಮೇಲೆ ಎಲ್ಲೆಲ್ಲಿ ಗೀರಿದೆ, ಎಲ್ಲಿ ನಗ್ಗಿದೆ ಎಂದು ಅಕ್ಷರಗಳಲ್ಲಿ ಗುರುತು ಹಾಕಿ, ಮೂಲೆಯಲ್ಲಿ ನಾಲ್ಕು, ನಾಲ್ಕೂವರೆ ಎಂದು ದರ್ಜೆ ಬರೆದಿರುತ್ತಾರೆ. ಅಂಕಿಯ ಜಾಗದಲ್ಲಿ ‘ಆರ್’ ಇದ್ದರೆ ಅಪಘಾತವಾಗಿ ರಿಪೇರಿಯಾದ ಕಾರು.

ಇಂಥ ಕಾರಿನ ಕೀಲಿ ತಿರುವಿದ ಕೂಡಲೇ ಒಂದು ಹೆಣ್ಣು ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತದೆ. ಟೋಲ್ ಕಾರ್ಡ್ ಹಾಕಿಲ್ಲ ಎಂದು ಜಪಾನಿನ ಹೆದ್ದಾರಿಗಾಗಿ ಕೊಡುವ ಎಚ್ಚರಿಕೆ ಅದು. ರೇಡಿಯೊ ಇಲ್ಲಿಯ ಬಹುಪಾಲು ಕೇಂದ್ರಗಳನ್ನು ಹಿಡಿಯುವುದಿಲ್ಲ, ಜಪಾನಿನ ಎಫ್‌ಎಂ ಶುರುವಾಗುವುದೇ 76 ಮೆಗಾಹರ್ಟ್ಸ್‌ನಿಂದ. ನಕ್ಷೆಯ ಪರದೆಯಲ್ಲಿ ನೀವು ಎಲ್ಲೇ ಇದ್ದರೂ ಒಸಾಕಾದ ಬೀದಿಗಳು. ನಮ್ಮ ಮಗಳಿಗೆ ಆಗ ನಾಲ್ಕೂವರೆ. ಅವಳಿಗೆ ಆ ದನಿ ಬಹಳ ಹಿಡಿಸಿತು. “ಈ ಕಾರು ಮಾತಾಡುತ್ತೆ, ಇದನ್ನೇ ತಗೊಳ್ಳೋಣ” ಎಂದು ಹಟ ಮಾಡಿದಳು.

ಆ ವರ್ಷ ಹಳೆಯ ಕಾರು ಕೊಳ್ಳುವವರಿಗೆ ಇನ್ನೊಂದು ಭಯವಿತ್ತು. ಜನವರಿ 27ರ ಸಂಜೆ ಸುರಿದ ಮಳೆಗೆ ಆಕ್ಲೆಂಡಿನ ಎಷ್ಟೋ ಬೀದಿಗಳು ಮುಳುಗಿದ್ದವು. ಎರಡು ವಾರ ಕಳೆದ ಸ್ವಲ್ಪದರಲ್ಲೇ ಗೇಬ್ರಿಯೆಲ್ ಚಂಡಮಾರುತ ಬಂತು. ನೀರಲ್ಲಿ ನಿಂತ ಕಾರುಗಳು ತೊಳೆಸಿಕೊಂಡು ಮಾರಾಟಕ್ಕೆ ಬಂದಾವು ಎಂದು ಎಲ್ಲರೂ ಎಚ್ಚರಿಸುತ್ತಿದ್ದರು. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಮೂಸುವುದು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿನ ಗುರುತಿದೆಯೇ ನೋಡುವುದು, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿಯಲ್ಲಿ ಕಲೆ ಹುಡುಕುವುದು ನಮಗೆ ಅಭ್ಯಾಸವಾಯಿತು. ಕನ್ನಡ ಕೂಟದ ಗೆಳೆಯರೊಬ್ಬರು ತಮ್ಮ ನಿಸಾನ್ ಲೀಫ್ ಓಡಿಸಲು ಕೊಟ್ಟು, ವಿದ್ಯುತ್ ಕಾರೇ ಕೊಳ್ಳಿ ಎಂದರು. ಸದ್ದಿಲ್ಲದ ಆ ಕಾರು ಊರೊಳಗಿನ ಓಡಾಟಕ್ಕೆ ಬಹಳ ಚೆನ್ನ. ನಮ್ಮ ಹಣಕ್ಕೆ ಸಿಗುತ್ತಿದ್ದದ್ದು ಮೊದಲ ಕಾಲದ ಲೀಫ್, ಅದರ ಬ್ಯಾಟರಿ ಊರು ದಾಟಿ ಹೋಗಿಬರುವಷ್ಟು ಉಳಿದಿರುತ್ತಿರಲಿಲ್ಲ. ಅದನ್ನು ಬಿಟ್ಟೆವು.

ಏಳು ಸೀಟಿನ ಹುಚ್ಚು ನನ್ನದು. ಟೊಯೊಟಾ ವಿಶ್, ಹೊಂಡಾ ಸ್ಟ್ರೀಮ್, ಮಾಜ್ದಾ ಪ್ರೆಮಸಿ ಎಂದು ಭಾರತದಲ್ಲಿ ಹೆಸರೇ ಕೇಳದ ಏಳು ಸೀಟಿನ ಕಾರುಗಳು ಇಲ್ಲಿ ಹೇರಳ, ಅಗ್ಗ ಕೂಡ. ವಿಶ್ ಒಂದನ್ನು ನೋಡಿ ನಾನು ಮನಸ್ಸು ಮಾಡಿಬಿಟ್ಟಿದ್ದೆ. ನನ್ನಾಕೆ ಹಿಂದಿನ ಸೀಟಿನ ಬೆನ್ನಿನ ಮೇಲೆ, ಡಿಕ್ಕಿಯ ನೆಲದ ಮೇಲೆ ಕೈಯಾಡಿಸಿ ಏನೋ ಹುಡುಕುತ್ತಿದ್ದಳು. “ರೀ, ಇದ್ರಲ್ಲಿ ಆಂಕರೇ ಇಲ್ಲ” ಎಂದಳು.

ಅವಳು ಹುಡುಕುತ್ತಿದ್ದದ್ದು ಮಗುವಿನ ಸೀಟಿನ ಮೇಲ್ಪಟ್ಟಿಯನ್ನು ಸಿಕ್ಕಿಸುವ ಕೊಂಡಿ. ಇಲ್ಲಿ ಏಳು ವರ್ಷ ತುಂಬದ ಮಗುವನ್ನು ಒಪ್ಪಿಗೆ ಪಡೆದ ಮಕ್ಕಳ ಸೀಟಿನಲ್ಲೇ ಕೂರಿಸಬೇಕು. ಏಳರಿಂದ ಎಂಟರ ತನಕ, ಅಂಥ ಸೀಟು ಕಾರಿನಲ್ಲಿದ್ದರೆ ಬಳಸಲೇಬೇಕು. ಕಾನೂನು ಅಲ್ಲಿಗೆ ನಿಂತರೂ ಮಗು 148 ಸೆಂಟಿಮೀಟರ್ ಎತ್ತರ ಬೆಳೆಯುವ ತನಕ ಬೂಸ್ಟರ್ ಬಿಡಬೇಡಿ ಎಂದೇ ತಿಳಿದವರು ಹೇಳುತ್ತಾರೆ. ದೊಡ್ಡವರ ಅಳತೆಗೆ ಮಾಡಿದ ಬೆಲ್ಟು ಅದಕ್ಕಿಂತ ಗಿಡ್ಡ ಮಗುವಿನ ಕುತ್ತಿಗೆಗೂ ಹೊಟ್ಟೆಗೂ ಬರುತ್ತದೆ, ಭುಜದ ಮೂಳೆ, ಸೊಂಟದ ಮೂಳೆಯ ಮೇಲೆ ಕೂರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಅನೇಕ ಸೀಟುಗಳಿಗೆ ಬೆಲ್ಟಿನ ಜೊತೆ ಮೇಲಿನಿಂದಲೂ ಒಂದು ಪಟ್ಟಿ ಬಿಗಿಯಬೇಕು, ಇಲ್ಲದಿದ್ದರೆ ಡಿಕ್ಕಿಯಾದಾಗ ಮಗುವಿನ ತಲೆ ಬಹಳ ಮುಂದಕ್ಕೆ ಹೋಗುತ್ತದೆ. ಜಪಾನಿನ ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಈ ಕೊಂಡಿ ಇರುವುದಿಲ್ಲ, ಬೇರೆಯಾಗಿ ಹಾಕಿಸಬೇಕು. ಮೂರನೆಯ ಸಾಲಿನಲ್ಲಂತೂ ಕೇಳುವಂತೆಯೇ ಇಲ್ಲ. ಅಂದರೆ ಏಳು ಸೀಟಿದ್ದರೂ ಮಗು ಕೂರಬಹುದಾದ ಜಾಗ ಒಂದೋ ಎರಡೋ.

ಅರಸೀಕೆರೆಯಲ್ಲಿ ಇದೇ ಮಗು ಅಜ್ಜಿಯ ತೊಡೆಯ ಮೇಲೆ ಕೂತು ಹಾಸನದ ತನಕ ಹೋಗಿಬಂದಿದ್ದಾಳೆ. ತೊಡೆ ಬೆಚ್ಚಗಿರುತ್ತದೆ, ಅಲ್ಲಿ ಮಗು ನಿದ್ದೆಯನ್ನೂ ಮಾಡುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿ ಯಾವ ಅಜ್ಜಿಯ ತೋಳೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಇದನ್ನು ನಮ್ಮ ಊರುಗಳಲ್ಲೂ ಗಟ್ಟಿಯಾಗಿ ಹೇಳಬೇಕಾದ ಕಾಲ ಬಂದಿದೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿ, “ಅಲ್ಲ ಕಣೋ, ನಾವು ಬರೋದು ಎಷ್ಟು ತಿಂಗಳಿಗೆ? ಮಗು ದಿನಾ ಕೂರೋದಲ್ವಾ? ಅದಕ್ಕೆ ಸರಿಯಾಗಿರೋದು ನೋಡು” ಎಂದರು. ಆಮೇಲೆ ಸ್ವಲ್ಪ ತಡೆದು, “ನನಗಂತೂ ಎತ್ತರ ಹತ್ತಕ್ಕಾಗಲ್ಲ, ಮಂಡಿ ಕೇಳಲ್ಲ” ಎಂದರು. ಆಗ ಅವರು ಬರಬಹುದಾಗಿದ್ದ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳು, ಮೂರು ವರ್ಷಕ್ಕೆ ಒಟ್ಟು ಹದಿನೆಂಟು ತಿಂಗಳು ಇರಬಹುದಿತ್ತು. ತಂದೆ ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ವೀಸಾದ ಅರ್ಜಿಗಳನ್ನು 2016ರಲ್ಲಿ ನಿಲ್ಲಿಸಿ, 2022ರಲ್ಲಿ ಮತ್ತೆ ತೆರೆದಿದ್ದರು. ಅದಕ್ಕೂ ಚೀಟಿ ಎತ್ತಿದಂತೆ ಸರದಿ ಬರಬೇಕು. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರು ಎಷ್ಟು ದಿನ ಕೂರಬೇಕು ಎಂಬುದನ್ನು ಬಹುಪಾಲು ರಾಜಧಾನಿ ವೆಲಿಂಗ್ಟನ್ನಿನಲ್ಲಿ ತೀರ್ಮಾನಿಸುತ್ತಾರೆ.

ಅಮ್ಮನ ಆ ಎರಡು ಮಾತಿನಿಂದ ನಮ್ಮ ಹುಡುಕಾಟದ ದಾರಿಯೇ ಬದಲಾಯಿತು. ಸೀಟಿನ ಲೆಕ್ಕ ಹಿಂದಕ್ಕೆ ಸರಿದು ಬಾಗಿಲು, ಮೆಟ್ಟಿಲು, ಕೊಂಡಿ ಮುಂದೆ ಬಂದವು. ಆಗ ಕಣ್ಣಿಗೆ ಬಿದ್ದದ್ದು ಟೊಯೊಟಾ ಸಿಯೆಂಟಾ. ಪಕ್ಕಕ್ಕೆ ಜಾರುವ ಬಾಗಿಲು. ಹತ್ತುವ ಜಾಗ ನೆಲದಿಂದ 33 ಸೆಂಟಿಮೀಟರ್ ಎತ್ತರದಲ್ಲಿ, ಅಂದರೆ ಅಮ್ಮನ ಮಂಡಿಗೆ ಸುಮಾರು ಎರಡು ಸಾಧಾರಣ ಮೆಟ್ಟಿಲಿನಷ್ಟು ಅಷ್ಟೆ. ಮೂರನೆಯ ಸಾಲಿನ ಸೀಟುಗಳನ್ನು ಮಡಿಸಿದರೆ ಎರಡನೆಯ ಸಾಲಿನ ಅಡಿಗೆ ಹೋಗಿ ಸೇರಿಕೊಳ್ಳುತ್ತವೆ, ಬೇಕಾದ ದಿನ ಎಳೆದುಕೊಳ್ಳಬಹುದು. ಒಂದೂವರೆ ಲೀಟರಿನ ಹೈಬ್ರಿಡ್ ಎಂಜಿನ್. 2015ರ ನಂತರದ ಮಾದರಿಯಾದ್ದರಿಂದ ಎರಡನೆಯ ಸಾಲಿನಲ್ಲಿ ಮಗುವಿನ ಸೀಟಿನ ಕೊಂಡಿಗಳೂ ಇದ್ದವು. ನಮ್ಮ ಹಣಕ್ಕೆ ಹೊಂದುವ ಒಂದು ಕಾರು ಥೇಮ್ಸಿನ ಆಚೆ, ಟೆ ಪುರು ಎಂಬ ಸಮುದ್ರದಂಚಿನ ಊರಿನಲ್ಲಿತ್ತು. ಗೆಳೆಯರ ಕಾರಿನಲ್ಲಿ ಶನಿವಾರ ಬೆಳಿಗ್ಗೆ ಹೊರಟೆವು.

ದಕ್ಷಿಣಕ್ಕೆ ಹೋಗುವ ಹೆದ್ದಾರಿ ನಗರ ಮುಗಿದ ಮೇಲೆ ಬಾಂಬೆ ಗುಡ್ಡಗಳನ್ನು ಏರುತ್ತದೆ. 1863ರಲ್ಲಿ ವಲಸಿಗರನ್ನು ಹೊತ್ತು ತಂದ ‘ಬಾಂಬೆ’ ಎಂಬ ಹಡಗಿನ ಹೆಸರು ಅದು. ಆ ಹಡಗಿನಲ್ಲಿ ಬಂದವರು ಇಂಗ್ಲಿಷರು. ಬಲಗಡೆ ಪುಕೆಕೊಹೆಯ ಕೆಂಪು ಮಣ್ಣಿನ ಹೊಲಗಳು, ನಮ್ಮ ಕೋಲಾರದ ಕಡೆಯ ಮಣ್ಣನ್ನು ನೆನಪಿಸುವ ಬಣ್ಣ, ಈರುಳ್ಳಿ, ಆಲೂಗಡ್ಡೆ ಬೆಳೆಯುವ ಸಾಲುಗಳು. ಗುಜರಾತಿ, ಪಂಜಾಬಿ ಕುಟುಂಬಗಳು ಇಲ್ಲಿ ಎರಡು ಮೂರು ತಲೆಮಾರಿನಿಂದ ತರಕಾರಿ ಬೆಳೆಯುತ್ತಿವೆ. 1920ರ ದಶಕದಲ್ಲಿ ಇದೇ ಊರಿನಲ್ಲಿ, ಭಾರತೀಯರಿಗೂ ಚೀನೀಯರಿಗೂ ಭೂಮಿ ಗುತ್ತಿಗೆಗೆ ಕೊಡಬಾರದೆಂದು ‘ವೈಟ್ ನ್ಯೂಜಿಲೆಂಡ್ ಲೀಗ್’ ಕಟ್ಟಿದ್ದರು. ಇಲ್ಲಿಯ ಸಿನಿಮಾ ಮಂದಿರದಲ್ಲಿ ಮಾವೊರಿಗಳನ್ನು ಮಹಡಿಯ ಸೀಟುಗಳಿಗೆ ಬಿಡುತ್ತಿರಲಿಲ್ಲ. ಅಂಥ ಕಾಲವನ್ನು ಕಚ್ಚಿ ಹಿಡಿದು ದಾಟಿದವರಿಂದಾಗಿ ನಾವು ಇಂದು ನಿಶ್ಚಿಂತೆಯಿಂದ ಕಾರು ನೋಡಲು ಹೊರಟಿದ್ದೇವೆ ಎಂದು ಗೆಳೆಯರಿಗೆ ಹೇಳಿದೆ. ಅವರಿಗೂ ಹಾಗೇ ಅನ್ನಿಸುತ್ತಿತ್ತು.

ಪೊಕೆನೊದ ಬಳಿ ಪೂರ್ವಕ್ಕೆ ತಿರುಗಿ ಹೌರಾಕಿ ಬಯಲಿಗಿಳಿದರೆ ದಾರಿ ಮಟ್ಟಸ. ಹಿಂದೆ ಜೌಗಾಗಿದ್ದ ನೆಲ, ಈಗ ಕಾಲುವೆ ತೋಡಿ ಬಸಿದ ಹುಲ್ಲುಗಾವಲು. ಕೊಪು ಎಂಬಲ್ಲಿ ವೈಹೌ ನದಿ ಅಡ್ಡ ಬರುತ್ತದೆ. ಇದನ್ನು ನೋಡಿಯೇ ಜೇಮ್ಸ್ ಕುಕ್ 1769ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಹೆಸರಿಟ್ಟದ್ದು. 1928ರ ಹಳೆಯ ಸೇತುವೆ ಒಂದೇ ಸಾಲಿನದು. ರಜಾದಿನಗಳಲ್ಲಿ ಸರದಿಗಾಗಿ ಕಾದು ಕಾದು ಜನ ಬೇಸತ್ತಿದ್ದರಂತೆ. 2011ರ ಕೊನೆಯಲ್ಲಿ ಪಕ್ಕದಲ್ಲೇ ಹೊಸದು ಬಂತು. ನಾವು ಹೋದಾಗ, ಥೇಮ್ಸ್ ಇರುವ ಪರ್ಯಾಯ ದ್ವೀಪವನ್ನು ಅಡ್ಡ ದಾಟುವ ಇನ್ನೊಂದು ಹೆದ್ದಾರಿ ಜನವರಿಯ ಮಳೆಗೆ ಕುಸಿದು ಮುಚ್ಚಿತ್ತು, ಹೊಸ ಸೇತುವೆ ಕಟ್ಟಿ ಅದನ್ನು ತೆರೆದದ್ದು ಡಿಸೆಂಬರಿನಲ್ಲಿ. ಥೇಮ್ಸ್ ಪೇಟೆ 1867ರ ಚಿನ್ನದ ಹುಚ್ಚಿನಲ್ಲಿ ಬೆಳೆದದ್ದು. ಟೊಯೊಟಾ ಕಾರ್ಖಾನೆ ಮುಚ್ಚಿದ ಮೇಲೂ ಅದೇ ಜಾಗದಲ್ಲಿ ಜಪಾನಿನಿಂದ ಬಂದ ಹಳೆಯ ಕಾರುಗಳನ್ನು ವರ್ಷಗಟ್ಟಲೆ ಸಜ್ಜುಗೊಳಿಸಿ ಮಾರಾಟಕ್ಕೆ ಕಳಿಸುತ್ತಿದ್ದರು. ಹೊಸ ಕಾರು ಜೋಡಿಸಿದ ಕೈಗಳಿಗೆ ಹಳೆಯ ಕಾರು ತಿದ್ದುವ ಕೆಲಸವಾದರೂ ಊರಿನಲ್ಲೇ ಸಿಕ್ಕಿತು.

ಕಾರಿನ ಒಡತಿ ನಿವೃತ್ತ ಶಾಲಾ ಶಿಕ್ಷಕಿ, ಮಾವೊರಿ ಹೆಂಗಸು. ಕೂರಿಸಿ ಚಹ ಕೊಟ್ಟು, ಎಂಜಿನ್ನಿನ ವಿಷಯಕ್ಕೆ ಮೊದಲು ನಾವು ಯಾವ ಊರಿನವರು, ನಮ್ಮ ನದಿ ಯಾವುದು, ಬೆಟ್ಟ ಯಾವುದು ಎಂದು ವಿಚಾರಿಸಿದರು. ಅವರಲ್ಲಿ ಪರಿಚಯ ಹೇಳಿಕೊಳ್ಳುವ ಕ್ರಮವೇ ಹಾಗೆ. ನಾನು ಹೇಮಾವತಿಯ ಹೆಸರು ಹೇಳಿದೆ, ಬೆಟ್ಟಕ್ಕೆ ಮಾಲೇಕಲ್ಲು ತಿರುಪತಿಯ ಬೆಟ್ಟ ಹೇಳಿದೆ. ಮೊಮ್ಮಕ್ಕಳನ್ನು ಶಾಲೆಗೆ, ಆಟಕ್ಕೆ ಕರೆದೊಯ್ಯಲು ಅವರು ಈ ಕಾರು ಕೊಂಡಿದ್ದರಂತೆ. ಮಗ ಸೊಸೆ ಆ ಮಕ್ಕಳನ್ನು ಕರೆದುಕೊಂಡು ಬ್ರಿಸ್ಬೇನಿಗೆ ಹೋಗಿ ನೆಲೆಸಿದರು. ಆಸ್ಟ್ರೇಲಿಯಾದಲ್ಲಿ ನೆಲೆಸಿದ ನ್ಯೂಜಿಲೆಂಡಿಗರಿಗೆ ಅಲ್ಲಿಯ ಪೌರತ್ವಕ್ಕೆ ನೇರ ದಾರಿ ಆ ವರ್ಷ ಜುಲೈ 1ರಂದು ತೆರೆದಿತ್ತು. “ಇನ್ನು ಅವರು ವಾಪಸ್ ಬರುವುದಿಲ್ಲ. ಒಬ್ಬಳಿಗೆ ಇಷ್ಟು ಸೀಟು ಯಾಕೆ?” ಎಂದರು. ನಮ್ಮ ಮನೆಯಲ್ಲಿ ವಾರಗಟ್ಟಲೆ ನಡೆದ ಲೆಕ್ಕಾಚಾರ ಆ ಮನೆಯಲ್ಲಿ ತಿರುಗುಮುರುಗಾಗಿ ನಡೆದಿತ್ತು. ನನ್ನಾಕೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತಳು.

ಸಮುದ್ರದಂಚಿನ ದಾರಿಯಲ್ಲಿ ಟಾಪು ಕಡೆಗೆ ಓಡಿಸಿ ನೋಡಿದೆವು. ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು, ನೀರಿನ ಮೇಲಕ್ಕೆ ಬಾಗಿದ ಪೊಹುಟುಕಾವ ಮರಗಳು. ಇಕ್ಕಟ್ಟಾದ ತಿರುವುಗಳಲ್ಲಿ ಕಾರು ಹಿಡಿತದಲ್ಲಿತ್ತು. ಏರಿನಲ್ಲಿ ಎಂಜಿನ್ ಗಟ್ಟಿಯಾಗಿ ಕೂಗುತ್ತದೆ, ಏಳು ಜನ ಕೂತರೆ ಸಾಮಾನಿಗೆ ಜಾಗವಿಲ್ಲ. ಇವೆರಡನ್ನೂ ಒಪ್ಪಿಕೊಂಡೇ ಮುಂದುವರಿದೆವು. ವ್ಯಾಪಾರಿಯಿಂದ ಕೊಂಡರೆ 1993ರ ಗ್ರಾಹಕ ಖಾತರಿ ಕಾಯ್ದೆಯ ರಕ್ಷಣೆ ಇರುತ್ತದೆ, ಖಾಸಗಿಯವರಿಂದ ಕೊಂಡರೆ ಇಲ್ಲ. ಆದ್ದರಿಂದ ಥೇಮ್ಸಿನ ಗ್ಯಾರೇಜೊಂದರಲ್ಲಿ ಲಿಫ್ಟಿನ ಮೇಲೆ ಎತ್ತಿಸಿ ಅಡಿಭಾಗ ನೋಡಿಸಿದೆವು. ಕಾರಿನ ಮೇಲೆ ಸಾಲವಿಲ್ಲವೆಂದು ಸರ್ಕಾರಿ ದಾಖಲೆಯಲ್ಲಿ ಖಚಿತ ಮಾಡಿಕೊಂಡೆವು. ಮಾರುವಾಗ ಯೋಗ್ಯತಾ ಪತ್ರ, ಇಲ್ಲಿಯವರ ಬಾಯಲ್ಲಿ ‘ವೊಫ್’, ಒಂದು ತಿಂಗಳಿಗಿಂತ ಹಳತಾಗಿರಬಾರದು. ಅವರು ಅದನ್ನು ಹೊಸದಾಗಿ ಮಾಡಿಸಿಟ್ಟಿದ್ದರು.

ಈ ದೇಶದಲ್ಲಿ ಕಾರಿನ ವಿಮೆ ಕಡ್ಡಾಯವಲ್ಲ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. 1974ರಿಂದ ಅಪಘಾತದಲ್ಲಿ ಗಾಯಗೊಂಡ ಯಾರದೇ ಚಿಕಿತ್ಸೆಯನ್ನು, ತಪ್ಪು ಯಾರದೆಂದು ಕೇಳದೆ, ಎಸಿಸಿ ಎಂಬ ಸಾರ್ವಜನಿಕ ಸಂಸ್ಥೆ ನೋಡಿಕೊಳ್ಳುತ್ತದೆ. ಪೆಟ್ರೋಲಿನ ಬೆಲೆಯಲ್ಲಿ, ನೋಂದಣಿ ಶುಲ್ಕದಲ್ಲಿ ಅದಕ್ಕೆಂದೇ ಒಂದು ಪಾಲು ಹೋಗುತ್ತದೆ. ಗಾಯಾಳುವಿನ ಮನೆಯವರು ಕೋರ್ಟಿಗೆ ಅಲೆಯಬೇಕಾಗಿಲ್ಲದ ಈ ವ್ಯವಸ್ಥೆ ನಾನು ಇಲ್ಲಿ ಕಂಡ ದೊಡ್ಡ ನಾಗರಿಕತೆ. ವಾಹನಕ್ಕಾಗುವ ನಷ್ಟಕ್ಕೆ ಮಾತ್ರ ನಾವೇ ವಿಮೆ ಮಾಡಿಸಬೇಕು, ಮಾಡಿಸಿದೆವು.

ಹಿಂದಿರುಗುವಾಗ ಸ್ಟೀರಿಂಗ್ ಹಿಡಿದವಳು ನನ್ನಾಕೆ. ಇಲ್ಲಿಯ ಲೈಸೆನ್ಸಿನ ಪರೀಕ್ಷೆ ನನಗಿಂತ ಮೊದಲು ಪಾಸು ಮಾಡಿದ್ದವಳು ಅವಳು. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ನಿಂತು, ಒಂಟಿ ಸಾಲಿನ ಸೇತುವೆಗಳಲ್ಲಿ ಬಾಣದ ಗುರುತು ನೋಡಿ ಎದುರಿನವರಿಗೆ ದಾರಿ ಬಿಟ್ಟು, ನಿಧಾನವಾಗಿ ಆಕ್ಲೆಂಡಿಗೆ ತಂದಳು.

ಅಪ್ಪ ಅಮ್ಮ ಮರುವರ್ಷ ಬಂದರು. ಬಾಗಿಲು ತಾನೇ ಜಾರಿ ತೆರೆದಾಗ ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಮೊಮ್ಮಗಳ ಪಕ್ಕ ಕೂತರು. ಜಪಾನಿ ದನಿ ಮಾತಾಡಿದಾಗಲೆಲ್ಲ “ಆಯ್ತಮ್ಮ, ಹೊರಡು” ಎಂದು ಉತ್ತರ ಕೊಡುತ್ತಿದ್ದರು. ಅಪ್ಪ ನಮ್ಮೂರಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿದ್ದವರು. ಹ್ಯಾಮಿಲ್ಟನ್ನಿನ ದಾರಿಯಲ್ಲಿ ಫಾಂಟೆರಾದ ಹಾಲಿನ ಟ್ಯಾಂಕರುಗಳನ್ನು ಕಂಡು, ಅದೂ ರೈತರದೇ ಸಹಕಾರಿ ಎಂದು ತಿಳಿದ ಮೇಲೆ, ಪ್ರತಿ ಫಾರ್ಮಿನ ಗೇಟಿನಲ್ಲೂ ಕಾರು ನಿಧಾನ ಮಾಡಿಸಿದರು. ಫ್ಯಾಟ್ ಎಷ್ಟು ಬರುತ್ತೆ, ಬಟವಾಡೆ ಎಷ್ಟು ದಿನಕ್ಕೆ ಎಂಬ ಅವರ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಫಾರ್ಮಿನಲ್ಲಿ ಇಳಿದು ಪಂಜಾಬಿ ಯುವಕನೊಬ್ಬನನ್ನು ಕೇಳಿಯೇ ತಿಳಿದುಕೊಂಡರು.

ಬರುವ ಜನವರಿಗೆ ಅತ್ತೆ ಮಾವನ ಜೊತೆ ಅಪ್ಪ ಅಮ್ಮನೂ ಬರುವುದೆಂದು ಮಾತಾಗಿದೆ. ಮೂರನೆಯ ಸಾಲನ್ನು ಎಳೆದು ಸಿದ್ಧ ಮಾಡಬೇಕು. ಮಗಳಿಗೆ ಈಗ ಏಳು ನಡೆಯುತ್ತಿದೆ, ತಾನು ಹಿಂದಿನ ಸಾಲಿಗೆ ಹೋಗುತ್ತೇನೆ, ಅಜ್ಜಿಯರು ನಡುವೆ ಕೂರಲಿ ಎಂದು ಹೇಳುತ್ತಾಳೆ. ಅವಳ ಎತ್ತರ ಇನ್ನೂ 120 ಸೆಂಟಿಮೀಟರ್ ದಾಟಿಲ್ಲ. ಬೂಸ್ಟರ್ ಇಲ್ಲದೆ ಅವಳು ಎಲ್ಲೂ ಕೂರುವಂತಿಲ್ಲ ಎಂದು ಅವಳಮ್ಮ ಹೇಳಿಬಿಟ್ಟಿದ್ದಾಳೆ. ಹಿಂದಿನ ಸಾಲಿನ ಬೆಲ್ಟಿಗೆ ಅದು ಸರಿಯಾಗಿ ಕೂರುತ್ತದೆಯೇ ಎಂದು ಈ ಶನಿವಾರ ಮಕ್ಕಳ ಸೀಟಿನ ತಂತ್ರಜ್ಞರಿಗೆ ತೋರಿಸಿಕೊಂಡು ಬರುತ್ತೇವೆ. ಮಾವ ಮಾತ್ರ ಮುಂದಿನ ಸೀಟು ತಮಗೇ ಇರಲಿ ಎಂದು ಈಗಾಗಲೇ ಫೋನಿನಲ್ಲಿ ಹೇಳಿದ್ದಾರೆ.